ಕಣ್ಣು ಹೋದರೂ ಲೆಕ್ಕ ನಿಲ್ಲಲಿಲ್ಲ

ಇಂಜಿನಿಯರಿಂಗ್ ಓದುವ ಯಾರನ್ನಾದರೂ ಕೇಳಿ, ಆಯ್ಲರ್ ಹೆಸರು ಗೊತ್ತಿರುತ್ತದೆ. ಅರ್ಧ ಕ್ಲಾಸು ಅದನ್ನು ಯೂಲರ್ ಎಂದು ಓದುತ್ತದೆ, ಆ ಮಾತು ಬೇರೆ. ಗಣಿತದಲ್ಲಿ ಪಾರ್ಷಿಯಲ್ ಡಿಫರೆನ್ಸಿಯೇಷನ್ ಬಂದರೆ ಆಯ್ಲರ್ ಪ್ರಮೇಯ. ನ್ಯೂಮರಿಕಲ್ ಮೆಥಡ್ಸ್ ಬಂದರೆ ಮಾಡಿಫೈಡ್ ಆಯ್ಲರ್ ಮೆಥಡ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಕಂಬ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು ಹೇಳುವ ಆಯ್ಲರ್ ಸೂತ್ರ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಆಯ್ಲರ್ ಸಮೀಕರಣ. ಕಂಪ್ಯೂಟರ್ ಸೈನ್ಸ್‌ನ ಗೆಳೆಯರಿಗೆ ಗ್ರಾಫ್ ಥಿಯರಿಯ ಆರಂಭದಲ್ಲೇ ಆಯ್ಲರ್ ಪಾತ್. ಯಾವ ಬ್ರಾಂಚ್ ತೆಗೆದುಕೊಂಡರೂ ಈ ಮನುಷ್ಯ ನಮ್ಮನ್ನು ಬಿಡುವುದಿಲ್ಲ.

ಇಷ್ಟೆಲ್ಲ ಗಣಿತ ಓದಿದ ಮೇಲೂ ಗಣಿತಜ್ಞ ಎಂದರೆ ಯಾರು ಎಂದು ಕೇಳಿದರೆ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ. ಮನೆಯವರ ಪ್ರಕಾರ ಬಾಯಲ್ಲೇ ಬೇಗ ಲೆಕ್ಕ ಮಾಡುವವನು. ಕಾಲೇಜಿನ ಪ್ರಕಾರ ನೂರಕ್ಕೆ ನೂರು ತೆಗೆದವನು. ಪ್ಲೇಸ್‌ಮೆಂಟ್ ಟ್ರೈನಿಂಗ್ ಕೊಡುವವರ ಪ್ರಕಾರ ಆಪ್ಟಿಟ್ಯೂಡ್ ಪ್ರಶ್ನೆಗೆ ಒಂದು ನಿಮಿಷದೊಳಗೆ ಉತ್ತರ ಗುರುತಿಸುವವನು. ಗಣಿತ ಇಷ್ಟ, ಬಿ.ಎಸ್‌ಸಿ. ಮಾಡುತ್ತೇನೆ ಎಂದು ಹೊರಟ ನನ್ನ ಗೆಳೆಯನೊಬ್ಬನಿಗೆ ಊರಿನವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅದಕ್ಕೆ ಸ್ಕೋಪ್ ಇದೆಯಾ? ಆ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಪಠ್ಯದ ತುಂಬ ಹೆಸರಾಗಿ ಮಾತ್ರ ಕಾಣುವ ಈ ಆಯ್ಲರ್ ಹೇಗೆ ಬದುಕಿದ, ಯಾರು ಅವನಿಗೆ ಸಂಬಳ ಕೊಟ್ಟರು, ದಿನವಿಡೀ ಏನು ಮಾಡುತ್ತಿದ್ದ ಎಂದು ಹುಡುಕಿ ಓದಿದೆ. ಓದಿದ ಮೇಲೆ ಎರಡೂ ಪ್ರಶ್ನೆಗಳಿಗೆ ಒಂದಿಷ್ಟು ಬೆಳಕು ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶನಿವಾರ ಮಧ್ಯಾಹ್ನದ ಪಾಠ

ಲಿಯೊನಾರ್ಡ್ ಆಯ್ಲರ್ ಹುಟ್ಟಿದ್ದು 1707ರ ಏಪ್ರಿಲ್ 15ರಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ತಂದೆ ಪಾಲ್ ಆಯ್ಲರ್ ಚರ್ಚಿನ ಪಾದ್ರಿ. ತಾಯಿ ಮಾರ್ಗರೆಟ್ ಕೂಡ ಪಾದ್ರಿಗಳ ಮನೆತನದವಳು. ಮಗನೂ ಪಾದ್ರಿಯಾಗಬೇಕು ಎಂಬುದು ಮನೆಯ ತೀರ್ಮಾನ. ಆದರೆ ತಂದೆಗೇ ಒಂದು ಹಳೆಯ ಹುಚ್ಚಿತ್ತು. ವಿದ್ಯಾರ್ಥಿಯಾಗಿದ್ದಾಗ ಆತ ಪ್ರಸಿದ್ಧ ಗಣಿತಜ್ಞ ಜೇಕಬ್ ಬರ್ನೌಲಿಯ ಪಾಠ ಕೇಳಿದ್ದ. ಮಗನಿಗೆ ಮೊದಲ ಗಣಿತ ಹೇಳಿಕೊಟ್ಟದ್ದು ಆತನೇ.

13ನೇ ವಯಸ್ಸಿಗೆ ಆಯ್ಲರ್ ಬಾಸೆಲ್ ವಿಶ್ವವಿದ್ಯಾಲಯ ಸೇರಿದ. ಆ ಕಾಲಕ್ಕೆ ಅದೇನೂ ವಿಶೇಷವಲ್ಲ. ವಿಶೇಷ ಇರುವುದು ಮುಂದೆ. ಅಲ್ಲಿ ಜೇಕಬ್‌ನ ತಮ್ಮ ಜೋಹಾನ್ ಬರ್ನೌಲಿ ಪ್ರೊಫೆಸರ್ ಆಗಿದ್ದ. ಯುರೋಪಿನ ದೊಡ್ಡ ಗಣಿತಜ್ಞರಲ್ಲಿ ಒಬ್ಬ. ಹುಡುಗ ಹೋಗಿ ಪ್ರತ್ಯೇಕ ಪಾಠ ಹೇಳಿಕೊಡಿ ಎಂದು ಕೇಳಿದ. ಪುರುಸೊತ್ತಿಲ್ಲ ಎಂದು ಬರ್ನೌಲಿ ಒಪ್ಪಲಿಲ್ಲ. ಬದಲಿಗೆ ಕಷ್ಟದ ಪುಸ್ತಕಗಳ ಹೆಸರು ಹೇಳಿ ನೀನೇ ಓದಿಕೋ, ಎಲ್ಲಿ ತಡವರಿಸುತ್ತೀಯೋ ಅದನ್ನು ಮಾತ್ರ ಶನಿವಾರ ಮಧ್ಯಾಹ್ನ ಬಂದು ಕೇಳು ಎಂದ. ಆಯ್ಲರ್ ವಾರವಿಡೀ ಒದ್ದಾಡುತ್ತಿದ್ದ. ಪ್ರೊಫೆಸರ್ ಎದುರು ಆದಷ್ಟು ಕಡಿಮೆ ಪ್ರಶ್ನೆ ಇಟ್ಟುಕೊಂಡು ಹೋಗಬೇಕು ಎಂಬುದು ಅವನ ಹಟ. ಒಂದು ಗಂಟು ಬಿಚ್ಚಿದರೆ ಅದರ ಜತೆ ಇನ್ನು ಹತ್ತು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು ಎಂದು ಮುಂದೆ ಆತ ನೆನಪಿಸಿಕೊಂಡಿದ್ದಾನೆ.

ಇಂದು ನಮ್ಮ ಕೈಯಲ್ಲಿ ಪ್ರತಿ ಅಧ್ಯಾಯಕ್ಕೂ ಹತ್ತು ವಿಡಿಯೊಗಳಿವೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದುಬಿಡುತ್ತದೆ. ಬರ್ನೌಲಿ ಆ ಹುಡುಗನಿಗೆ ಕೊಟ್ಟದ್ದು ಒದ್ದಾಡಲು ಆರು ದಿನ. ಅದಕ್ಕಿಂತ ದೊಡ್ಡ ಪಾಠ ಕೊಡಲು ಆತನಿಗೂ ಆಗುತ್ತಿರಲಿಲ್ಲ ಎನಿಸುತ್ತದೆ. ಕೊನೆಗೆ ಪಾದ್ರಿಯಾಗುವುದು ಬೇಡ, ಇವನನ್ನು ಗಣಿತಕ್ಕೆ ಬಿಡಿ ಎಂದು ತಂದೆಯನ್ನು ಒಪ್ಪಿಸಿದ್ದೂ ಇದೇ ಬರ್ನೌಲಿ.

ಸಿಗದ ಕೆಲಸ

ಇನ್ನು ಕೆಲಸದ ಮಾತು. 1727ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರೊಫೆಸರ್ ಹುದ್ದೆ ಖಾಲಿ ಇತ್ತು. ಆಯ್ಲರ್ ಶಬ್ದದ ಚಲನೆಯ ಬಗ್ಗೆ ಒಂದು ಪ್ರಬಂಧ ಬರೆದು ಅರ್ಜಿ ಹಾಕಿದ. ವಯಸ್ಸು 19. ಕೆಲಸ ಸಿಗಲಿಲ್ಲ. ಅಂತಿಮ ಪಟ್ಟಿಯಲ್ಲಿ ಹೆಸರೇ ಬರಲಿಲ್ಲ.

ಅದೇ ವರ್ಷ ಪ್ಯಾರಿಸ್ ಅಕಾಡೆಮಿ ಒಂದು ಬಹುಮಾನದ ಪ್ರಶ್ನೆ ಇಟ್ಟಿತ್ತು. ಹಡಗಿನ ಮೇಲೆ ಪಟದ ಕಂಬಗಳನ್ನು ಎಲ್ಲಿ, ಹೇಗೆ ನಿಲ್ಲಿಸಿದರೆ ಒಳ್ಳೆಯದು ಎಂಬುದು ಪ್ರಶ್ನೆ. ಸ್ವಿಟ್ಜರ್ಲೆಂಡಿಗೆ ಸಮುದ್ರವೇ ಇಲ್ಲ. ಸಮುದ್ರ ನೋಡದೆ ಬೆಳೆದ ಹುಡುಗ ಬರೀ ಯಂತ್ರಶಾಸ್ತ್ರದ ನಿಯಮಗಳನ್ನು ಹಿಡಿದು ಉತ್ತರ ಬರೆದು ಕಳಿಸಿದ. ಮೊದಲ ಬಹುಮಾನ ಹಡಗುಗಳ ವಿಷಯದಲ್ಲೇ ಪಳಗಿದ ಪಿಯರ್ ಬೂಗೆಗೆ ಹೋಯಿತು. ಆಯ್ಲರ್‌ಗೆ ಎರಡನೆಯ ಸ್ಥಾನ. ಮುಂದೆ ಇದೇ ಅಕಾಡೆಮಿಯ ಬಹುಮಾನವನ್ನು ಆತ 12 ಬಾರಿ ಗೆದ್ದ.

ಕೈಗೆ ಸಿಕ್ಕ ಒಂದೇ ಕೆಲಸ ದೂರದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿತ್ತು. ಅಲ್ಲಿ ಹೊಸದಾಗಿ ತೆರೆದ ವಿಜ್ಞಾನ ಅಕಾಡೆಮಿಯಲ್ಲಿ ಜೋಹಾನ್ ಬರ್ನೌಲಿಯ ಮಗ ಡೇನಿಯಲ್ ಇದ್ದ. ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಬರ್ನೌಲಿ ಅವನೇ. ಆಯ್ಲರ್‌ಗೆ ಅವನು ಹೇಳಿ ಕೊಡಿಸಿದ ಹುದ್ದೆ ಗಣಿತದ್ದಲ್ಲ, ಶರೀರಶಾಸ್ತ್ರದ್ದು. ಆಯ್ಲರ್ ಬೇಸರ ಮಾಡಿಕೊಳ್ಳದೆ ಅಂಗರಚನೆಯ ಪುಸ್ತಕ ಹಿಡಿದು ಕೂತ. 1727ರ ಏಪ್ರಿಲ್ 5ರಂದು ಬಾಸೆಲ್ ಬಿಟ್ಟು ರೈನ್ ನದಿಯಲ್ಲಿ ದೋಣಿ ಹತ್ತಿದ. ದಾರಿಯಲ್ಲೇ ಅವನಿಗೆ 20 ತುಂಬಿತು. ಇಂದು ನನಗಿರುವ ವಯಸ್ಸು. ಮತ್ತೆಂದೂ ಆತ ತನ್ನ ಊರಿನಲ್ಲಿ ನೆಲೆಸಲಿಲ್ಲ.

ಮೇ 17ರಂದು ಪೀಟರ್ಸ್‌ಬರ್ಗ್ ತಲುಪಿದ ದಿನವೇ ಅಕಾಡೆಮಿಯ ಬೆನ್ನಿಗಿದ್ದ ರಾಣಿ ಮೊದಲನೆಯ ಕ್ಯಾಥರೀನ್ ತೀರಿಕೊಂಡಳು. ಅಕಾಡೆಮಿಯ ಕಥೆ ಅತಂತ್ರವಾಯಿತು. ಡೇನಿಯಲ್ ಮೊದಲಾದವರ ಸಹಾಯದಿಂದ ಆಯ್ಲರ್ ಗಣಿತ-ಭೌತವಿಜ್ಞಾನ ವಿಭಾಗ ಸೇರಿದ. ಆದರೂ ಹೊಟ್ಟೆಪಾಡಿಗಾಗಿ ರಷ್ಯಾದ ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿ ಮೂರು ವರ್ಷ ದುಡಿದ. ನಂತರ ಭೌತವಿಜ್ಞಾನದ ಪ್ರೊಫೆಸರ್ ಆದ. 1733ರಲ್ಲಿ ಡೇನಿಯಲ್ ರಷ್ಯಾ ಬಿಟ್ಟು ಊರಿಗೆ ಮರಳಿದಾಗ ಗಣಿತದ ಪ್ರಧಾನ ಹುದ್ದೆ ಆಯ್ಲರ್‌ಗೆ ಬಂತು. ಮರುವರ್ಷ ಕಲಾವಿದನೊಬ್ಬನ ಮಗಳು ಕ್ಯಾಥರೀನಾಳನ್ನು ಮದುವೆಯಾದ. ಹುಟ್ಟಿದ ಮಕ್ಕಳು 13, ಉಳಿದವರು ಐವರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸುತ್ತ ಮಕ್ಕಳು ಗದ್ದಲ ಮಾಡುತ್ತಿರುವಾಗಲೇ ಬರೆಯುತ್ತಿದ್ದ ಎಂದು ಅವನನ್ನು ಕಂಡವರು ಹೇಳಿದ್ದಾರೆ.

ಉತ್ತರ ಸಿಕ್ಕ ಮೇಲೂ ಬಿಡದ ಹಟ

ಗಣಿತಜ್ಞ ಮಾಡುವ ಕೆಲಸ ಏನು ಎಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಒಂದು ಮೊತ್ತದ ಕಥೆಯಿಂದ. ಒಂದು, ಒಂದರ ನಾಲ್ಕನೇ ಭಾಗ, ಒಂಬತ್ತನೇ ಭಾಗ, ಹದಿನಾರನೇ ಭಾಗ, ಹೀಗೆ ಪ್ರತಿ ಸಂಖ್ಯೆಯ ವರ್ಗವನ್ನು ಛೇದದಲ್ಲಿಟ್ಟು ಕೊನೆಯಿಲ್ಲದಂತೆ ಕೂಡುತ್ತಾ ಹೋದರೆ ಮೊತ್ತ ಎಷ್ಟು? ಹತ್ತನೇ ಕ್ಲಾಸಿನ ಹುಡುಗನಿಗೂ ಪ್ರಶ್ನೆ ಅರ್ಥವಾಗುತ್ತದೆ. ಆದರೆ ಇಟಲಿಯ ಪಿಯೆತ್ರೊ ಮೆಂಗೋಲಿ ಕೇಳಿದ ಈ ಪ್ರಶ್ನೆಗೆ ದಶಕಗಳು ಕಳೆದರೂ ಯಾರಿಗೂ ಉತ್ತರ ಸಿಕ್ಕಿರಲಿಲ್ಲ. ಜೇಕಬ್ ಬರ್ನೌಲಿಯೂ ಕೈಚೆಲ್ಲಿದ್ದ. ಬರ್ನೌಲಿಗಳ ಊರಿನ ಹೆಸರಿನಲ್ಲೇ ಅದು ಬಾಸೆಲ್ ಸಮಸ್ಯೆ ಎನಿಸಿಕೊಂಡಿತು.

ಕಷ್ಟ ಎಲ್ಲಿದೆ ಎಂದರೆ, ಈ ಮೊತ್ತ ಬಹಳ ನಿಧಾನವಾಗಿ ಬೆಳೆಯುತ್ತದೆ. ಸಾವಿರ ಪದಗಳನ್ನು ಕೂಡಿದರೂ ದಶಮಾಂಶದ ಮೂರನೇ ಸ್ಥಾನದಲ್ಲೇ ತಪ್ಪಿರುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲ ಬೇರೆ. ಆಯ್ಲರ್ ಮೊದಲು ಮಾಡಿದ್ದು ಈ ಸರಣಿಯನ್ನು ವೇಗವಾಗಿ ಮುಟ್ಟುವ ಇನ್ನೊಂದು ಸರಣಿಯಾಗಿ ಬದಲಾಯಿಸಿ, 1.644934 ಎಂಬ ಅಂದಾಜು ತೆಗೆದದ್ದು. ಅಷ್ಟಕ್ಕೆ ಆತ ತೃಪ್ತನಾಗಲಿಲ್ಲ. 1735ರ ಹೊತ್ತಿಗೆ ನಿಖರ ಉತ್ತರವನ್ನೇ ಹಿಡಿದ. ಪೈಯ ವರ್ಗವನ್ನು 6ರಿಂದ ಭಾಗಿಸಿದರೆ ಬರುವುದೇ ಆ ಮೊತ್ತ. ಎಲ್ಲರೂ ಬೆರಗಾದರು. ವೃತ್ತವೇ ಇಲ್ಲದ ಲೆಕ್ಕದೊಳಗೆ ಪೈ ಎಲ್ಲಿಂದ ಬಂತು?

ಸೈನ್ ಫಂಕ್ಷನ್ ಮೂಲಕ ಬಂದಿತ್ತು. ಸಾಮಾನ್ಯ ಬಹುಪದಿಯನ್ನು ಅದರ ಮೂಲಗಳಿಂದ ಗುಣಲಬ್ಧವಾಗಿ ಒಡೆಯುವಂತೆ, ಅನಂತ ಮೂಲಗಳಿರುವ ಸೈನ್ ಫಂಕ್ಷನ್ನನ್ನೂ ಆಯ್ಲರ್ ಒಡೆದುಬಿಟ್ಟಿದ್ದ. ಹಾಗೆ ಒಡೆಯಬಹುದೇ ಎಂದು ಸಹೋದ್ಯೋಗಿಗಳು ಅನುಮಾನಪಟ್ಟರು. ಅನುಮಾನ ಸರಿಯಾಗಿಯೇ ಇತ್ತು. ಇಲ್ಲಿ ಆಯ್ಲರ್ ನಡೆದುಕೊಂಡ ರೀತಿ ನನಗೆ ತುಂಬ ಇಷ್ಟವಾಯಿತು. ಉತ್ತರ ತನ್ನ ಹಳೆಯ ಅಂದಾಜಿಗೆ ತಾಳೆಯಾಗುತ್ತದೆಯೇ ನೋಡಿದ. ತಾಳೆಯಾಯಿತು. ಅದೇ ವಿಧಾನದಿಂದ ಮೊದಲೇ ಗೊತ್ತಿದ್ದ ಬೇರೆ ಸರಣಿಯ ಉತ್ತರ ಬರುತ್ತದೆಯೇ ನೋಡಿದ. ಬಂತು. ಆದರೂ ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ದಾರಿಗಳಿಂದ ಅದನ್ನು ಮತ್ತೆ ಮತ್ತೆ ಸಾಧಿಸಿ ತೋರಿಸಿದ. ನಾವು ಉತ್ತರ ಬಂದ ಕೂಡಲೇ ಅದಕ್ಕೊಂದು ಚೌಕ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಗಣಿತಜ್ಞನ ಕೆಲಸ ಶುರುವಾಗುವುದೇ ಚೌಕ ಹಾಕಿದ ಮೇಲೆ.

ಇನ್ನೊಂದು ಚಿಕ್ಕ ಉದಾಹರಣೆ. ಎರಡರ 32ನೇ ಘಾತಕ್ಕೆ ಒಂದು ಕೂಡಿದರೆ 4294967297. ಪ್ರೋಗ್ರಾಮಿಂಗ್ ಮಾಡುವವರಿಗೆ ಈ ಸಂಖ್ಯೆಯ ನೆರೆಹೊರೆ ಪರಿಚಿತ. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಫರ್ಮಾ ನಂಬಿದ್ದ. ಅಲ್ಲ, 641ರಿಂದ ಭಾಗವಾಗುತ್ತದೆ ಎಂದು 1732ರಲ್ಲಿ ಆಯ್ಲರ್ ತೋರಿಸಿದ. ಇದು ಕಣ್ಣುಮುಚ್ಚಿ ಭಾಗಿಸುತ್ತಾ ಹೋದ ಲೆಕ್ಕವಾಗಿದ್ದರೆ ಹೇಳುವಂಥದ್ದೇನೂ ಇರಲಿಲ್ಲ. ಆ ಸಂಖ್ಯೆಗೆ ಅಪವರ್ತನ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು ಎಂದು ಆತ ಮುಂದೆ ಸಾಧಿಸಿ ಕೊಟ್ಟ. ಅಂಥ ಅವಿಭಾಜ್ಯಗಳನ್ನು ಸಾಲಾಗಿ ಬರೆಯಿರಿ: 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು. ನಾನು ಇದನ್ನು ಪೇಪರಿನ ಮೇಲೆ ಮಾಡಿ ನೋಡಿದೆ. ನೂರಾರು ಭಾಗಾಕಾರ ಐದಕ್ಕೆ ಇಳಿದಾಗ ಆಗುವ ಖುಷಿಯೇ ಬೇರೆ. ಬೇಗ ಲೆಕ್ಕ ಮಾಡುವುದಕ್ಕೂ ಲೆಕ್ಕವನ್ನೇ ಕಡಿಮೆ ಮಾಡುವುದಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ.

ಏಳು ಸೇತುವೆ

ಪ್ರಷ್ಯಾದ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ ನದಿಗೆ ಏಳು ಸೇತುವೆಗಳಿದ್ದವು. ಒಂದನ್ನೂ ಬಿಡದೆ, ಯಾವುದನ್ನೂ ಎರಡು ಸಲ ದಾಟದೆ ಊರು ಸುತ್ತಲು ಆಗುತ್ತದೆಯೇ ಎಂಬುದು ಊರಿನವರ ಹರಟೆಯ ಪ್ರಶ್ನೆ. ಆಯ್ಲರ್‌ಗೆ ಮೊದಲು ಇದು ಗಣಿತವೆಂದೇ ಅನಿಸಲಿಲ್ಲ. ಇಲ್ಲಿ ಅಳತೆಯಿಲ್ಲ, ಕೋನವಿಲ್ಲ, ಕೂಡಿ ಕಳೆಯುವುದಿಲ್ಲ. ಆದರೂ ಪ್ರಶ್ನೆ ಕೊರೆಯುತ್ತಿತ್ತು. ಯೋಚಿಸುತ್ತಾ ಹೋದಂತೆ ನದಿಯ ಅಗಲ, ಸೇತುವೆಯ ಉದ್ದ, ದ್ವೀಪದ ಆಕಾರ ಯಾವುದೂ ಬೇಕಿಲ್ಲ ಎಂದು ಕಂಡಿತು. ಯಾವ ನೆಲಕ್ಕೆ ಎಷ್ಟು ಸೇತುವೆ ಎಂಬುದಷ್ಟೇ ಮುಖ್ಯ. ನಡುವಿನ ಒಂದು ನೆಲಕ್ಕೆ ಬಂದವನು ಹೊರಗೂ ಹೋಗಬೇಕು, ಆದ್ದರಿಂದ ಅಲ್ಲಿ ಸೇತುವೆಗಳು ಜೋಡಿಯಾಗಿರಬೇಕು. ಹೊರಡುವ ಮತ್ತು ಮುಗಿಸುವ ಜಾಗಗಳಿಗೆ ಮಾತ್ರ ವಿನಾಯಿತಿ. ಕೋನಿಗ್ಸ್‌ಬರ್ಗಿನ ನಾಲ್ಕು ನೆಲಗಳಿಗೆ ಕ್ರಮವಾಗಿ 5, 3, 3, 3 ಸೇತುವೆಗಳು. ನಾಲ್ಕೂ ಬೆಸ. ಹಾಗಾಗಿ ಅಂಥ ದಾರಿಯೇ ಇಲ್ಲ.

1735ರಲ್ಲಿ ಪೀಟರ್ಸ್‌ಬರ್ಗ್ ಅಕಾಡೆಮಿಯಲ್ಲಿ ಮಂಡಿಸಿದ ಈ ಬರಹವನ್ನೇ ಇಂದು ಗ್ರಾಫ್ ಥಿಯರಿಯ ಹುಟ್ಟು ಎನ್ನುತ್ತಾರೆ. ಮೊಬೈಲ್ ದಾರಿ ತೋರಿಸುವಾಗ, ನೆಟ್‌ವರ್ಕ್ ವಿನ್ಯಾಸ ಮಾಡುವಾಗ ಬಳಸುವುದು ಇದೇ ಚುಕ್ಕಿ-ಗೆರೆಗಳ ಭಾಷೆ. ಅಂದು ಈ ಪ್ರಶ್ನೆಗೆ ಸ್ಕೋಪ್ ಇದೆಯಾ ಎಂದು ಯಾರಾದರೂ ಕೇಳಿದ್ದರೆ ಆಯ್ಲರ್ ಬಳಿಯೂ ಉತ್ತರ ಇರುತ್ತಿರಲಿಲ್ಲ.

ರಾಜನಿಗೆ ಬೇಡವಾದವನು

1735ರಲ್ಲಿ ಆಯ್ಲರ್‌ಗೆ ಜೀವಕ್ಕೇ ಕುತ್ತು ತರುವಂಥ ಜ್ವರ ಬಂತು. ಮೂರು ವರ್ಷದಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು. ರಷ್ಯಾದ ನಕ್ಷೆಗಳನ್ನು ತಯಾರಿಸುವ ಕಣ್ಣು ನೋಯಿಸುವ ಕೆಲಸವೇ ಇದಕ್ಕೆ ಕಾರಣ ಎಂದು ಆತ ನಂಬಿದ್ದ. 1738ರಲ್ಲೇ ಆತ ಭಾರತೀಯರ ಸೌರವರ್ಷದ ಲೆಕ್ಕದ ಬಗ್ಗೆಯೂ ಒಂದು ಚಿಕ್ಕ ಬರಹ ಪ್ರಕಟಿಸಿದ್ದಾನೆ ಎಂದು ತಿಳಿದು ನನಗೆ ಆಶ್ಚರ್ಯವಾಯಿತು.

ರಷ್ಯಾದ ರಾಜಕೀಯ ಕೆಟ್ಟಾಗ, 1741ರಲ್ಲಿ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್‌ನ ಕರೆಗೆ ಓಗೊಟ್ಟು ಬರ್ಲಿನ್‌ಗೆ ಹೋದ. ಅಲ್ಲಿ 25 ವರ್ಷ ದುಡಿದ. ಫಂಕ್ಷನ್ ಎಂಬ ಕಲ್ಪನೆಯನ್ನೇ ನಡುವೆ ನಿಲ್ಲಿಸಿ ಬರೆದ 1748ರ ಗ್ರಂಥ, 1755ರ ಡಿಫರೆನ್ಷಿಯಲ್ ಕ್ಯಾಲ್ಕುಲಸ್ ಗ್ರಂಥ, ದ್ರವಗಳ ಚಲನೆಯ ಸಮೀಕರಣ, ಕಂಬ ಬಾಗುವ ಸೂತ್ರ ಎಲ್ಲವೂ ಈ ಕಾಲದವು. ಕಂಬದ ಉದ್ದ ಎರಡು ಪಟ್ಟಾದರೆ ಅದು ತಡೆಯುವ ಭಾರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಎಂದು ನಾವು ಲ್ಯಾಬಿನಲ್ಲಿ ಇಂದೂ ಪರೀಕ್ಷಿಸುತ್ತೇವೆ. ಅವನ ಕಾಲದ ಕಟ್ಟಡಗಳು ಕಲ್ಲು, ಇಟ್ಟಿಗೆ, ದಪ್ಪ ಮರದವು. ಅವಕ್ಕೆ ಈ ಸೂತ್ರದಿಂದ ಹೆಚ್ಚಿನ ಉಪಯೋಗವಿರಲಿಲ್ಲ. ಕಬ್ಬಿಣ, ಉಕ್ಕಿನ ತೆಳು ಕಂಬಗಳು ಬಂದ ಮುಂದಿನ ಶತಮಾನದಲ್ಲಿ ಅದಕ್ಕೆ ಬೆಲೆ ಬಂತು.

ದೊರೆಗೆ ಮಾತ್ರ ಆಯ್ಲರ್ ಹಿಡಿಸಲಿಲ್ಲ. ಅವನಿಗೆ ವೋಲ್ಟೇರ್‌ನಂಥ ಚುರುಕು ಮಾತಿನವರು ಬೇಕಿತ್ತು. ಆಯ್ಲರ್ ಸಾದಾ ಸ್ವಭಾವದ, ದೇವರಲ್ಲಿ ನಂಬಿಕೆಯಿದ್ದ ಸಂಸಾರಸ್ಥ. ಅವನ ಒಂಟಿಗಣ್ಣನ್ನು ದೊರೆ ಲೇವಡಿ ಮಾಡುತ್ತಿದ್ದ. ಆದರೆ ಕೆಲಸಕ್ಕೆ ಮಾತ್ರ ಅವನೇ ಬೇಕು. ಕಾಲುವೆಯ ಮಟ್ಟ ನೋಡು, ಲಾಟರಿಯ ಲೆಕ್ಕ ಹಾಕು, ಅರಮನೆಯ ಕಾರಂಜಿಗೆ ನೀರು ಏರಿಸು. ಸಾನ್‌ಸೂಸಿ ಅರಮನೆಯ ಆ ಕಾರಂಜಿ ಕೆಲಸ ಮಾಡಲಿಲ್ಲ. ಮರದ ಪೈಪುಗಳು ಒತ್ತಡಕ್ಕೆ ಒಡೆದವು. ದೊರೆ ವರ್ಷಗಳ ನಂತರವೂ ಗಣಿತವನ್ನೇ ದೂರಿದ. ಅಂದಿನ ಕಾಗದಪತ್ರ ತೆಗೆದು ನೋಡಿದ ಇತಿಹಾಸಕಾರರಿಗೆ ಕಂಡದ್ದು ಬೇರೆ. ಪೈಪಿನೊಳಗಿನ ಒತ್ತಡ ಎಷ್ಟಿರುತ್ತದೆ, ಪೈಪು ಎಷ್ಟು ಗಟ್ಟಿಯಿರಬೇಕು ಎಂದು 1749ರಲ್ಲೇ ಆಯ್ಲರ್ ಲೆಕ್ಕ ಹಾಕಿ ಎಚ್ಚರಿಸಿದ್ದ. ಖರ್ಚು ಉಳಿಸಲು ಹೋದವರು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಇಂಜಿನಿಯರ್ ಆಗಹೊರಟ ನಮಗೆಲ್ಲ ಈ ಕಥೆ ಮುಂದೆ ಬೇಕಾದೀತು.

ಬರ್ಲಿನ್ ಅಕಾಡೆಮಿಯ ಅಧ್ಯಕ್ಷ 1759ರಲ್ಲಿ ತೀರಿಕೊಂಡ ಮೇಲೆ ಅದನ್ನು ನಡೆಸಿದ್ದು ಆಯ್ಲರ್. ಅಧ್ಯಕ್ಷ ಪದವಿ ಮಾತ್ರ ಸಿಗಲಿಲ್ಲ. ದೊರೆ ಅದನ್ನು ಫ್ರಾನ್ಸಿನ ಡಾಲಂಬೇರ್‌ಗೆ ಕೊಡಹೋದ. ಡಾಲಂಬೇರ್‌ಗೂ ಆಯ್ಲರ್‌ಗೂ ಗಣಿತದ ವಿಷಯದಲ್ಲಿ ಜಗಳಗಳಾಗಿದ್ದವು. ಆದರೂ ಆಯ್ಲರ್ ಇರುವಾಗ ಅವನ ಮೇಲೆ ಇನ್ನೊಬ್ಬನನ್ನು ಕೂರಿಸುವುದು ಸರಿಯಲ್ಲ ಎಂದು ಆತ ಪದವಿಯನ್ನು ನಿರಾಕರಿಸಿದ.

ಆಯ್ಲರ್ ಸಹ ಅಂಥ ದೊಡ್ಡತನ ತೋರಿದವನೇ. 1755ರಲ್ಲಿ ಇಟಲಿಯ ಟ್ಯೂರಿನ್‌ನಿಂದ 19 ವರ್ಷದ ಹುಡುಗನೊಬ್ಬ ಅವನಿಗೆ ಪತ್ರ ಬರೆದ. ಆಯ್ಲರ್ ವರ್ಷಗಟ್ಟಲೆ ದುಡಿದ ವಿಷಯಕ್ಕೆ ಆ ಹುಡುಗ ಇನ್ನೂ ಚೆಂದದ ವಿಧಾನ ಕಂಡುಕೊಂಡಿದ್ದ. ಆಯ್ಲರ್ ಮನಸಾರೆ ಹೊಗಳಿದ. ಹುಡುಗನಿಗೆ ಸಲ್ಲಬೇಕಾದ ಹೆಸರು ಅವನಿಗೇ ಸಲ್ಲಲಿ ಎಂದು ತನ್ನ ಬರಹದ ಪ್ರಕಟಣೆಯನ್ನು ತಡೆಹಿಡಿದ. ಆ ಹುಡುಗನೇ ಲಗ್ರಾಂಜ್.

ಕತ್ತಲೆಯ 17 ವರ್ಷ

1766ರಲ್ಲಿ ಎರಡನೆಯ ಕ್ಯಾಥರೀನ್ ರಾಣಿಯ ಆಹ್ವಾನದ ಮೇಲೆ ಆಯ್ಲರ್ ಪೀಟರ್ಸ್‌ಬರ್ಗ್‌ಗೆ ಮರಳಿದ. ವಯಸ್ಸು 59. ಅಷ್ಟರಲ್ಲಿ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಕೆಲ ದಿನ ದೃಷ್ಟಿ ಮರಳಿತು. ನಂತರ ಸೋಂಕಾಗಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಅದೇ ವರ್ಷ ಊರಿಗೆ ಬಿದ್ದ ಬೆಂಕಿಯಲ್ಲಿ ಮನೆ ಸುಟ್ಟಿತು. ಬಾಸೆಲ್ ಮೂಲದ ಒಬ್ಬ ಕುಶಲಕರ್ಮಿ ಉರಿಯುವ ಮನೆಯೊಳಗೆ ನುಗ್ಗಿ ಕುರುಡ ಆಯ್ಲರ್‌ನನ್ನು ಹೊತ್ತು ಹೊರಗೆ ತಂದ. 1773ರಲ್ಲಿ ಹೆಂಡತಿ ತೀರಿಕೊಂಡಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಯಾರೂ ಅವನನ್ನು ದೂರುತ್ತಿರಲಿಲ್ಲ. ಆದರೆ ಆಯ್ಲರ್ ಬರೆದದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬಂದದ್ದು ಈ ಕೊನೆಯ 17 ವರ್ಷಗಳಲ್ಲಿ. 1775ರಲ್ಲಿ ಸರಾಸರಿ ವಾರಕ್ಕೊಂದು ಪ್ರಬಂಧ ಸಿದ್ಧವಾಯಿತು. ದೊಡ್ಡ ಸ್ಲೇಟಿನ ಮೇಲೆ ಸೀಮೆಸುಣ್ಣದಿಂದ ದಪ್ಪ ಅಕ್ಷರ ಬರೆಯುವುದು, ಮಿಕ್ಕಿದ್ದನ್ನು ಬಾಯಲ್ಲಿ ಹೇಳುವುದು. ಮಗ ಜೋಹಾನ್ ಆಲ್ಬ್ರೆಕ್ಟ್, ಬಾಸೆಲ್‌ನಿಂದ ಬಂದ ತರುಣ ನಿಕೊಲಾಸ್ ಫುಸ್, ಲೆಕ್ಸೆಲ್ ಮೊದಲಾದವರು ಬರೆದುಕೊಳ್ಳುತ್ತಿದ್ದರು, ತಿದ್ದುತ್ತಿದ್ದರು, ಚರ್ಚಿಸುತ್ತಿದ್ದರು. ಚಂದ್ರನ ಚಲನೆಯ ಬಗ್ಗೆ 1772ರ ದಪ್ಪ ಗ್ರಂಥ ಹೀಗೇ ತಯಾರಾಯಿತು. ಅವನ ನೆನಪಿನ ಶಕ್ತಿ ಅಸಾಧಾರಣ, ನಿಜ. ವರ್ಜಿಲ್ ಕವಿಯ ಈನಿಯಡ್ ಕಾವ್ಯ ಪೂರ್ತಿ ಬಾಯಿಪಾಠವಿತ್ತಂತೆ. ಆದರೆ ಸುತ್ತ ಈ ಹುಡುಗರು ಇಲ್ಲದಿದ್ದರೆ ಆ ನೆನಪು ಕಾಗದಕ್ಕೆ ಇಳಿಯುತ್ತಿರಲಿಲ್ಲ. ಗಣಿತಜ್ಞ ಎಂದರೆ ಕೋಣೆಯಲ್ಲಿ ಒಬ್ಬನೇ ಕೂತವನು ಎಂಬ ನನ್ನ ಕಲ್ಪನೆಗೆ ಇದು ಹೊಂದಲಿಲ್ಲ.

ಆ ಕಾಲದ ಒಂದು ಪುಸ್ತಕದ ಕಥೆಯಂತೂ ಮರೆಯಲಾಗದ್ದು. ಬೀಜಗಣಿತದ ಪಠ್ಯವನ್ನು ಆಯ್ಲರ್ ಹೇಳಿ ಬರೆಸಿದ್ದು ದರ್ಜಿ ಕೆಲಸ ಕಲಿತಿದ್ದ ಒಬ್ಬ ಸೇವಕನ ಕೈಯಲ್ಲಿ. ಅವನಿಗೆ ಗಣಿತ ಗೊತ್ತಿರಲಿಲ್ಲ. ಬರೆದುಕೊಳ್ಳುತ್ತಾ ಹೋದಂತೆ ಅವನಿಗೆ ಎಲ್ಲವೂ ಅರ್ಥವಾಗುತ್ತಾ ಹೋಗಿ, ಪುಸ್ತಕ ಮುಗಿಯುವ ಹೊತ್ತಿಗೆ ತಾನೇ ಲೆಕ್ಕ ಬಿಡಿಸುವಷ್ಟಾದ. 1768-69ರಲ್ಲಿ ಮೊದಲು ರಷ್ಯನ್ ಭಾಷೆಯಲ್ಲಿ, 1770ರಲ್ಲಿ ಜರ್ಮನ್‌ನಲ್ಲಿ ಬಂದ ಆ ಪುಸ್ತಕ ಮುಂದೆ ಹಲವು ಭಾಷೆಗಳಿಗೆ ಹೋಯಿತು. ದರ್ಜಿಯ ಹುಡುಗನಿಗೆ ತಿಳಿಯದಿದ್ದರೆ ತಪ್ಪು ಹೇಳುವವನದೇ ಎಂಬಂತೆ ಆಯ್ಲರ್ ಬರೆಸಿದ್ದಾನೆ. ಬರ್ಲಿನ್‌ನಲ್ಲಿದ್ದಾಗ ರಾಜಮನೆತನದ ಒಬ್ಬ ಹುಡುಗಿಗೆ ವಿಜ್ಞಾನ ತಿಳಿಸಲು 200ಕ್ಕೂ ಹೆಚ್ಚು ಪತ್ರ ಬರೆದಿದ್ದವನೂ ಇವನೇ. ರಾಜಕುಮಾರಿಗೂ ದರ್ಜಿಯ ಹುಡುಗನಿಗೂ ಒಂದೇ ತಾಳ್ಮೆ.

ತಪ್ಪಿದ ಊಹೆ, ಭಾರತದ ಉತ್ತರ

ಆಯ್ಲರ್ ತಪ್ಪು ಮಾಡಲಿಲ್ಲ ಎಂದಲ್ಲ. 1782ರಲ್ಲಿ ಪ್ರಕಟವಾದ ಒಂದು ಬರಹದಲ್ಲಿ ಆತ 36 ಸೇನಾಧಿಕಾರಿಗಳ ಪ್ರಶ್ನೆ ಎತ್ತಿದ. ಆರು ರೆಜಿಮೆಂಟ್, ಆರು ದರ್ಜೆ. ಪ್ರತಿ ಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಎಲ್ಲ ರೆಜಿಮೆಂಟ್, ಎಲ್ಲ ದರ್ಜೆ ಒಂದೊಂದೇ ಸಲ ಬರುವಂತೆ ಚೌಕದಲ್ಲಿ ನಿಲ್ಲಿಸಬಹುದೇ? ಸುಡೊಕು ಆಡುವವರಿಗೆ ಇದರ ಜಾತಿ ಗೊತ್ತಾಗುತ್ತದೆ. ಆಗದು ಎಂದು ಆಯ್ಲರ್ ಊಹಿಸಿದ. 6ಕ್ಕೆ ಮಾತ್ರವಲ್ಲ, 10, 14, 18 ಹೀಗೆ ನಾಲ್ಕು ನಾಲ್ಕು ಕೂಡುತ್ತಾ ಹೋದರೆ ಬರುವ ಯಾವ ಅಳತೆಗೂ ಆಗದು ಎಂದ. ಸಾಧಿಸಲಿಲ್ಲ, ಊಹೆ ಎಂದೇ ಬಿಟ್ಟ. 6ರ ವಿಷಯ ನಿಜವಾಗಿತ್ತು. ಉಳಿದದ್ದು ತಪ್ಪು ಎಂದು 1959ರ ಸುಮಾರಿಗೆ ತೋರಿಸಿದವರು ಮೂವರು: ಆರ್.ಸಿ. ಬೋಸ್, ಎಸ್.ಎಸ್. ಶ್ರೀಖಂಡೆ ಮತ್ತು ಅಮೆರಿಕದ ಇ.ಟಿ. ಪಾರ್ಕರ್. ಮೊದಲಿಬ್ಬರು ಭಾರತೀಯರು. ಒಂದು ತಪ್ಪು ಊಹೆ ಸುಮಾರು 177 ವರ್ಷ ಜನರನ್ನು ಯೋಚಿಸಲು ಹಚ್ಚಿತು. ತನಗೆ ಗೊತ್ತಿರುವುದು ಎಷ್ಟು, ಊಹಿಸುತ್ತಿರುವುದು ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳುವುದೂ ಈ ಕೆಲಸದ ಭಾಗ ಎಂದು ನನಗೆ ಇದರಿಂದ ತಿಳಿಯಿತು.

1783ರ ಸೆಪ್ಟೆಂಬರ್ 18. ಬೆಳಿಗ್ಗೆ ಆಯ್ಲರ್ ಮೊಮ್ಮಗುವಿಗೆ ಲೆಕ್ಕ ಹೇಳಿಕೊಟ್ಟ. ಆ ವರ್ಷ ಫ್ರಾನ್ಸಿನಲ್ಲಿ ಹಾರಿದ್ದ ಬಲೂನುಗಳ ಚಲನೆಯ ಬಗ್ಗೆ ಸ್ಲೇಟಿನ ಮೇಲೆ ಲೆಕ್ಕ ಮಾಡಿದ. ಎರಡು ವರ್ಷದ ಹಿಂದಷ್ಟೇ ಪತ್ತೆಯಾಗಿದ್ದ ಯುರೇನಸ್ ಗ್ರಹದ ಕಕ್ಷೆಯ ಬಗ್ಗೆ ಲೆಕ್ಸೆಲ್, ಫುಸ್ ಜತೆ ಮಾತಾಡಿದ. ಸಂಜೆಯ ಹೊತ್ತಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುಸಿದ. ರಾತ್ರಿ ಪ್ರಾಣ ಹೋಯಿತು. 76 ವರ್ಷದ ಕುರುಡ ಮುದುಕ ಸಾಯುವ ದಿನವೂ ಆ ವರ್ಷದ ಹೊಸ ಸುದ್ದಿಯ ಮೇಲೆ ಲೆಕ್ಕ ಮಾಡುತ್ತಿದ್ದ. ಅವನ ಬರಹಗಳ ಪಟ್ಟಿಯಲ್ಲಿ 866 ಕೃತಿಗಳಿವೆ. ಉಳಿದಿದ್ದ ಹಸ್ತಪ್ರತಿಗಳನ್ನು ಅಚ್ಚು ಹಾಕಲು ಪೀಟರ್ಸ್‌ಬರ್ಗ್ ಅಕಾಡೆಮಿಗೆ ಇನ್ನೂ ದಶಕಗಳು ಬೇಕಾದವು. 1911ರಲ್ಲಿ ಶುರುವಾದ ಸಮಗ್ರ ಕೃತಿಗಳ ಮಾಲೆ 80 ಸಂಪುಟ ದಾಟಿದೆ.

ಈಗ ಸ್ಕೋಪ್ ಪ್ರಶ್ನೆಗೆ ಬರೋಣ. ಆಯ್ಲರ್‌ಗೆ ಸಂಬಳ ಕೊಟ್ಟವರು ಕೇಳಿದ್ದು ಶರೀರಶಾಸ್ತ್ರ, ನೌಕಾಪಡೆಯ ವೈದ್ಯಕೀಯ, ನಕ್ಷೆ, ತೂಕ-ಅಳತೆ, ಕಾಲುವೆ, ಲಾಟರಿ, ಕಾರಂಜಿ. ಹುದ್ದೆಯ ಹೆಸರು ಏನೇ ಇದ್ದರೂ ಆತ ಒಳಗೊಳಗೇ ಮಾಡಿದ್ದು ಒಂದೇ ಕೆಲಸ: ಇದು ಹೀಗೇಕೆ ಎಂದು ಕೇಳುವುದು, ಸಿಕ್ಕ ಉತ್ತರವನ್ನು ಅನುಮಾನಿಸುವುದು, ಖಚಿತವಾದ ಮೇಲೆ ದರ್ಜಿಯ ಹುಡುಗನಿಗೂ ತಿಳಿಯುವಂತೆ ಹೇಳುವುದು. ಗಣಿತಜ್ಞ ಎಂಬ ಮಾತಿಗೆ ಇಷ್ಟು ಸಾಕು ಎನಿಸುತ್ತದೆ ನನಗೆ. ಇದಕ್ಕೆ ಯಾವ ಕಂಪನಿಯ ಆಫರ್ ಲೆಟರ್ ಬೇಕಿಲ್ಲ, ಯಾವ ಕಂಪನಿಯ ಆಫರ್ ಲೆಟರ್ ಇದಕ್ಕೆ ಅಡ್ಡಿಯೂ ಅಲ್ಲ.

ನಾನು ಗಣಿತಜ್ಞನಾಗುತ್ತೇನೆ ಎಂದು ಇಲ್ಲಿ ಘೋಷಿಸುತ್ತಿಲ್ಲ. ಪ್ಲೇಸ್‌ಮೆಂಟ್‌ಗೆ ನಾನೂ ಕೂರುತ್ತೇನೆ, ಸಿಕ್ಕ ಕೆಲಸಕ್ಕೆ ಹೋಗುತ್ತೇನೆ. ಬಿ.ಎಸ್‌ಸಿ. ಸೇರಿದ ನನ್ನ ಗೆಳೆಯ ಈಗ ಅಂತಿಮ ವರ್ಷದಲ್ಲಿದ್ದಾನೆ. ಅವನನ್ನು ಯಾರಾದರೂ ಸ್ಕೋಪ್ ಕೇಳಿದರೆ ಏಳು ಸೇತುವೆಯ ಕಥೆ ಹೇಳು ಎಂದಿದ್ದೇನೆ. ಕೇಳಿದವರು ಎರಡು ನಿಮಿಷ ಪೆನ್ನು ಹಿಡಿದು ದಾರಿ ಹುಡುಕಲು ಕೂತರೆ ಸಾಕು, ಉತ್ತರ ಅವರಿಗೇ ಸಿಗುತ್ತದೆ.